ವೈದ್ಯವಿದ್ಯೆಯ ಅರ್ಜಿಯೂ ಹೊರನಾಡ ಕನ್ನಡಿಗರ ಮಕ್ಕಳೂ

2025ನೆಯ ಇಸವಿಯ ಸಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ತೆಲಂಗಾಣ ಸರಕಾರದ ಪರವಾಗಿ ಒಂದು ತೀರ್ಪನ್ನಿತ್ತಿತು. ಈ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ‘ಸ್ಥಳೀಯ’ ವಿದ್ಯಾರ್ಥಿಯೆಂಬ ಮನ್ನಣೆ ದೊರೆಯಬೇಕಾದರೆ, ಇಂಟರ್‌ಮೀಡಿಯೆಟ್ ಅಥವಾ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಕುಳಿತ ವರ್ಷವೂ ಸೇರಿದಂತೆ ಸತತವಾಗಿ ನಾಲ್ಕು ವರ್ಷ ತೆಲಂಗಾಣದಲ್ಲಿಯೇ ವ್ಯಾಸಂಗ ಮಾಡಿರಬೇಕೆಂಬ ನಿಯಮವು ಸಿಂಧುವೆಂಬುದೇ ಆ ತೀರ್ಪಿನ ಸಾರ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು: ಈ ನಾಲ್ಕು ತರಗತಿಗಳನ್ನು ಇಲ್ಲಿ ಓದಿದವನು ಒಳಗಿನವನು, ಇವುಗಳಲ್ಲಿ ಒಂದನ್ನು ಹೊರಗೆ ಓದಿದವನು ಹೊರಗಿನವನು.

ಇದು ಶ್ರೀಮಂತರ ಮಕ್ಕಳಿಗೂ ವಕೀಲರಿಗೂ ಸಂಬಂಧಿಸಿದ ವಾರ್ತೆಯೆಂದು ನಮ್ಮ ಓದುಗರು ಪುಟ ತಿರುವಿದ್ದರೆ ಆಶ್ಚರ್ಯವಿಲ್ಲ. ಆದರೆ ಹೈದರಾಬಾದು ಮತ್ತು ಸಿಕಂದರಾಬಾದುಗಳಲ್ಲಿ ಹೋಟೆಲಿನ ಒಲೆಯ ಮುಂದೆ, ಗಲ್ಲಾದ ಹಿಂದೆ, ಕಚೇರಿಯ ಕಡತಗಳ ನಡುವೆ ದುಡಿಯುತ್ತಿರುವ ಕನ್ನಡಿಗರಿಗೆ ಈ ತೀರ್ಪು ತಟ್ಟುವಷ್ಟು ನೇರವಾಗಿ ಮತ್ತಾರಿಗೂ ತಟ್ಟಲಾರದು. ಏಕೆಂದರೆ ಮಕ್ಕಳನ್ನು ಒಂದಷ್ಟು ಕಾಲ ಊರಿನಲ್ಲಿಯೂ ಒಂದಷ್ಟು ಕಾಲ ಇಲ್ಲಿಯೂ ಓದಿಸುವುದು ನಮ್ಮ ಜನರ ಬಾಳಿನ ರೀತಿಯೇ ಆಗಿದೆ. ತಂದೆಗೆ ನೆಲೆ ಸಿಕ್ಕಿದಾಗ ಕುಟುಂಬ ಬರುತ್ತದೆ. ಬಾಡಿಗೆ ಏರಿದಾಗ ಊರಿಗೆ ಮರಳುತ್ತದೆ. ಅಜ್ಜಿ ಇರುವ ತನಕ ಮಗು ಅಲ್ಲಿ, ಆ ಬಳಿಕ ಇಲ್ಲಿ. ಹೀಗೆ ಶಾಲೆಯಿಂದ ಶಾಲೆಗೆ ಸಾಗುವ ಮಗು ಎರಡು ರಾಜ್ಯಗಳ ನಿಯಮಗಳ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗುವ ಸಂಭವವುಂಟು. ಆದುದರಿಂದ ಯಾವ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಬೇಕೆಂಬ ಪ್ರಶ್ನೆಯನ್ನು ನಾವು ಇಂದು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಲು ಬಯಸುತ್ತೇವೆ.

ಗಡಿ ಸರಿದ ಕಥೆ

ಒಂದು ಕಾಲಕ್ಕೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದಾಗ ಅಲ್ಲಿಯ ಹುಡುಗನು ವೈದ್ಯನಾಗಬೇಕೆಂದರೆ ಹೈದರಾಬಾದೇ ಅವನ ರಾಜಧಾನಿ. 1846ರಲ್ಲಿ ವೈದ್ಯಶಾಲೆಯಾಗಿ ಆರಂಭವಾಗಿ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜೆನಿಸಿದ ಸಂಸ್ಥೆಯು ಅವನದೂ ಆಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ಅದನ್ನು ನಾವೆಲ್ಲರೂ ಹರ್ಷದಿಂದಲೇ ಸ್ವಾಗತಿಸಿದೆವು. ಆದರೆ ಅದೇ ದಿನ ಬೀದರದ ಹುಡುಗನು ನೂರೈವತ್ತು ಕಿಲೋಮೀಟರು ದೂರದ ಹೈದರಾಬಾದಿಗೆ ಪರಸ್ಥಳದವನಾದನು. ಏಳುನೂರು ಕಿಲೋಮೀಟರು ದೂರದ ಬೆಂಗಳೂರು ಅವನ ರಾಜಧಾನಿಯಾಯಿತು. ಗುಲಬರ್ಗದಲ್ಲಿ ಎಂ. ಆರ್. ವೈದ್ಯಕೀಯ ಕಾಲೇಜು 1963ರಲ್ಲಿ ಸ್ಥಾಪನೆಯಾಗುವ ತನಕ ಆ ಭಾಗಕ್ಕೆ ತನ್ನದೆನ್ನುವ ವೈದ್ಯಕೀಯ ಕಾಲೇಜಿರಲಿಲ್ಲ.

ಇತ್ತ ತೆಲಂಗಾಣದಲ್ಲಿ ‘ಮುಲ್ಕಿ’ ಪ್ರಶ್ನೆ ಹಳೆಯದು. ಹೊರಗಿನಿಂದ ಬಂದವರು ನಮ್ಮ ಮಕ್ಕಳ ನೌಕರಿಯನ್ನೂ ವಿದ್ಯೆಯನ್ನೂ ಕಸಿಯುತ್ತಿರುವರೆಂಬ ಕೊರಗಿನಿಂದ 1969ರಲ್ಲಿ ಇಲ್ಲಿ ದೊಡ್ಡ ಚಳವಳಿ ನಡೆಯಿತು. 1973ರಲ್ಲಿ ಆರು ಅಂಶಗಳ ಒಪ್ಪಂದವಾಗಿ, ಸಂವಿಧಾನದಲ್ಲಿ 371-ಡಿ ಎಂಬ ವಿಧಿ ಸೇರಿತು. 1974ರ ರಾಷ್ಟ್ರಪತಿಗಳ ಆದೇಶದಂತೆ ಕಾಲೇಜುಗಳ ಶೇಕಡಾ 85 ಸ್ಥಾನಗಳು ಸ್ಥಳೀಯರಿಗೆ ಮೀಸಲಾದುವು. ನಾಲ್ಕು ವರ್ಷಗಳ ವ್ಯಾಸಂಗದ ಲೆಕ್ಕ ಅಲ್ಲಿಂದಲೇ ಬಂದುದು. 2014ರ ಜೂನ್ 2ರಂದು ತೆಲಂಗಾಣ ಪ್ರತ್ಯೇಕ ರಾಜ್ಯವಾದಾಗ ಹಳೆಯ ಏರ್ಪಾಡು ಇನ್ನೂ ಹತ್ತು ವರ್ಷ ಮುಂದುವರಿಯಬೇಕೆಂದು ಶಾಸನವಾಯಿತು. ಆ ಹತ್ತು ವರ್ಷ 2024ರ ಜೂನ್ ತಿಂಗಳಿಗೆ ತುಂಬಿತು. ಕೂಡಲೇ, ಅದೇ ಜುಲೈ ತಿಂಗಳಲ್ಲಿ, ರಾಜ್ಯ ಸರಕಾರವು 33ನೆಯ ಸಂಖ್ಯೆಯ ಆದೇಶವನ್ನು ಹೊರಡಿಸಿ ನಿಯಮವನ್ನು ಬಿಗಿಗೊಳಿಸಿತು. ಉಚ್ಚ ನ್ಯಾಯಾಲಯವು 2024ರ ಸಪ್ಟೆಂಬರಿನಲ್ಲಿ, ತೆಲಂಗಾಣದ ಕಾಯಂ ನಿವಾಸಿಗಳಿಗೆ ಈ ನಿಯಮವನ್ನು ಹಚ್ಚಬಾರದೆಂದು ಹೇಳಿತ್ತು. ಸರ್ವೋಚ್ಚ ನ್ಯಾಯಾಲಯವು ಆ ಅಭಿಪ್ರಾಯವನ್ನು ತಳ್ಳಿಹಾಕಿ ಸರಕಾರದ ನಿಯಮವನ್ನು ಎತ್ತಿಹಿಡಿದಿದೆ.

ರಾಜ್ಯದ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. 2014ರಲ್ಲಿ ಇಲ್ಲಿ ಐದೇ ಸರಕಾರಿ ವೈದ್ಯಕೀಯ ಕಾಲೇಜುಗಳಿದ್ದುವು. ಹತ್ತು ವರ್ಷಗಳಲ್ಲಿ ಅವುಗಳ ಸಂಖ್ಯೆ ಮೂವತ್ತನ್ನು ಮೀರಿತು. ತನ್ನ ಬೊಕ್ಕಸದ ಹಣದಿಂದ ಕಾಲೇಜು ಕಟ್ಟಿದ ರಾಜ್ಯವು, ಇಲ್ಲಿ ಓದಿ ಇಲ್ಲಿಯೇ ಉಳಿಯುವ ವೈದ್ಯರನ್ನು ಬಯಸುವುದು ಸಹಜ. 2014ರ ಜೂನ್ 2ರ ಬಳಿಕ ಸ್ಥಾಪಿತವಾದ ಕಾಲೇಜುಗಳಲ್ಲಿ ರಾಜ್ಯದ ಕೋಟಾದ ಸ್ಥಾನಗಳನ್ನೆಲ್ಲ ಸ್ಥಳೀಯರಿಗೇ ಕೊಡಬೇಕೆಂದು 2023ರಲ್ಲಿ ಆದೇಶವಾದುದೂ ಇದೇ ಕಾರಣದಿಂದ. ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದ ಕನ್ನಡಿಗರ ಮಕ್ಕಳಿಗೆ ಈ ನಿಯಮವು ರಕ್ಷೆಯೇ ಹೊರತು ಶಿಕ್ಷೆಯಲ್ಲ. ನಾರಾಯಣಪೇಟೆಯಂಥ ಗಡಿ ಜಿಲ್ಲೆಯಲ್ಲಿಯೂ 2024ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತೆರೆಯಿತು. ಅಲ್ಲಿಯ ಕೃಷ್ಣಾ ಮಂಡಲದ ಕನ್ನಡ ಮಕ್ಕಳು ನಿಯಮದ ಕಣ್ಣಿನಲ್ಲಿ ಅಪ್ಪಟ ಸ್ಥಳೀಯರು. ಮನೆಯಲ್ಲಿ ಆಡುವ ಮಾತು ಯಾವುದೆಂದು ತೆಲಂಗಾಣದ ನಿಯಮ ಕೇಳುವುದಿಲ್ಲ. ಶಾಲೆ ಎಲ್ಲಿತ್ತೆಂದು ಮಾತ್ರ ಕೇಳುತ್ತದೆ. ಇದನ್ನು ಮೆಚ್ಚಲೇಬೇಕು.

ಹೊಟ್ಟೆಪಾಡಿನ ವರ್ಗಾವಣೆ

ಆದರೆ ನಿಯಮಕ್ಕೆ ಕೆಲವು ವಿನಾಯಿತಿಗಳೂ ಉಂಟು. ನಮ್ಮ ಆಕ್ಷೇಪವಿರುವುದು ಅಲ್ಲಿ. ತೆಲಂಗಾಣ ಸರಕಾರದ ನೌಕರರು, ಅದರ ನಿಗಮಗಳ ನೌಕರರು, ಈ ರಾಜ್ಯಕ್ಕೆ ಸೇರಿದ ಅಖಿಲ ಭಾರತ ಸೇವೆಯ ಅಧಿಕಾರಿಗಳು, ಸೈನಿಕರು ಮೊದಲಾದವರು ಹೊರರಾಜ್ಯಗಳಲ್ಲಿ ಸೇವೆ ಸಲ್ಲಿಸಬೇಕಾಗಿ ಬಂದು, ಅದರಿಂದ ಅವರ ಮಕ್ಕಳು ಹೊರಗೆ ಓದಬೇಕಾದರೆ, ಅಂಥ ಮಕ್ಕಳಿಗೆ ರಿಯಾಯಿತಿ ದೊರೆಯುತ್ತದೆ. ನ್ಯಾಯವೇ ಸರಿ. ಆಜ್ಞೆಯ ಮೇಲೆ ಊರು ಬಿಟ್ಟವನನ್ನು ದಂಡಿಸಬಾರದು.

ಹಾಗಾದರೆ ಹಸಿವಿನ ಆಜ್ಞೆಯ ಮೇಲೆ ಊರು ಬಿಟ್ಟವನ ಗತಿಯೇನು? ಹೋಟೆಲು ಮುಚ್ಚಿದ್ದರಿಂದ ಎರಡು ವರ್ಷ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದವನಿಗೆ ವರ್ಗಾವಣೆಯ ಕಾಗದವಿಲ್ಲ. 2020ರಲ್ಲಿ ಕೊರೋನಾ ಹಾವಳಿಯಿಂದ ದೇಶವೆಲ್ಲ ಬಾಗಿಲಿಕ್ಕಿದಾಗ ಮೊದಲು ಒಲೆಯಾರಿಸಿದವರಲ್ಲಿ ಹೋಟೆಲಿನವರು ಸೇರಿದ್ದರು. ಅಂದು ಊರ ಶಾಲೆಗೆ ಸೇರಿದ ಮಗುವಿನ ಪರವಾಗಿ ಸಾಕ್ಷಿ ಹೇಳುವ ಮೇಲಧಿಕಾರಿ ಯಾರೂ ಇಲ್ಲ. ಸರಕಾರಿ ಮುದ್ರೆಯುಳ್ಳ ವಲಸೆಗೆ ಮನ್ನಣೆ, ಬಡತನದ ವಲಸೆಗೆ ಮನ್ನಣೆಯಿಲ್ಲ ಎಂದಾದರೆ ಆ ನಿಯಮ ಕಾನೂನಿಗೆ ಒಪ್ಪಿದರೂ ಮನಸ್ಸಿಗೆ ಒಪ್ಪುವುದಿಲ್ಲ.

ಮೂರು ಮನೆಗಳು, ಮೂರು ಗತಿಗಳು

ಆಕ್ಷೇಪ ಆಕ್ಷೇಪವಾಗಿಯೇ ಇರಲಿ. ನಿಯಮ ಮಾತ್ರ ಕಾದು ನಿಲ್ಲುವುದಿಲ್ಲ. ಅದು ನಮ್ಮ ಮನೆಗಳಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೂರು ಬಗೆಯ ಕುಟುಂಬಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡೋಣ.

ಮೊದಲನೆಯ ಮನೆಯ ಮಗಳು ಒಂದನೆಯ ತರಗತಿಯಿಂದ ಇಂಟರ್‌ಮೀಡಿಯೆಟ್ ಪರ್ಯಂತ ಹೈದರಾಬಾದಿನಲ್ಲಿಯೇ ಓದಿದವಳು. ಆಕೆ ನಿಸ್ಸಂದೇಹವಾಗಿ ತೆಲಂಗಾಣದ ಸ್ಥಳೀಯಳು. ಉಸ್ಮಾನಿಯಾ, 1954ರಲ್ಲಿ ಸ್ಥಾಪಿತವಾದ ಗಾಂಧಿ ವೈದ್ಯಕೀಯ ಕಾಲೇಜು, ವರಂಗಲ್ಲಿನ ಕಾಕತೀಯ ಮತ್ತು ಜಿಲ್ಲೆ ಜಿಲ್ಲೆಗಳ ಹೊಸ ಕಾಲೇಜುಗಳು ಆಕೆಯ ಪಟ್ಟಿಯಲ್ಲಿರಬೇಕು. ಕರ್ನಾಟಕದ ಸರಕಾರಿ ಕೋಟಾ ಸಾಮಾನ್ಯವಾಗಿ ಆಕೆಗಿಲ್ಲ. ಇಂಟರ್‌ಮೀಡಿಯೆಟ್ ಮುಗಿದ ಬಳಿಕ ಪರೀಕ್ಷೆಯ ಸಿದ್ಧತೆಗಾಗಿ ಒಂದು ವರ್ಷ ಬೇರೆ ಊರಿಗೆ ಹೋದರೂ ಆಕೆಯ ಸ್ಥಳೀಯತೆಗೆ ಕುಂದಿಲ್ಲ. ನಾಲ್ಕು ವರ್ಷಗಳ ಎಣಿಕೆ ಅರ್ಹತಾ ಪರೀಕ್ಷೆಯೊಡನೆ ಮುಗಿಯುತ್ತದೆ.

ಎರಡನೆಯ ಮನೆಯ ಮಗನು ಉಡುಪಿಯ ಕಡೆಯ ಹಳ್ಳಿಯಲ್ಲೋ ಬೀದರದ ತಾಲ್ಲೂಕಿನಲ್ಲೋ ಅಜ್ಜಿಯ ಬಳಿಯಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ, ಇಂಟರ್‌ಮೀಡಿಯೆಟ್‌ಗೆ ತಂದೆಯ ಬಳಿ ಬಂದವನು. ಇಲ್ಲಿ ಅವನು ಓದಿದ್ದು ಎರಡೇ ವರ್ಷ. ತೆಲಂಗಾಣಕ್ಕೆ ಅವನು ಹೊರಗಿನವನು. ಆದರೆ ಅವನ ತಂದೆ ಕೈಚೆಲ್ಲಬೇಕಾಗಿಲ್ಲ. ಒಂದರಿಂದ ಹನ್ನೆರಡನೆಯ ತರಗತಿಯ ನಡುವೆ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಗಳಲ್ಲಿ ಒಂದನ್ನು ಅಲ್ಲಿ ತೇರ್ಗಡೆಯಾದವನಿಗೆ ಕರ್ನಾಟಕದ ಸರಕಾರಿ ಕೋಟಾ ತೆರೆದಿದೆ. ಈ ಹುಡುಗನಿಗೆ ಹತ್ತು ವರ್ಷವೂ ಇದೆ, ಎಸ್ಸೆಸ್ಸೆಲ್ಸಿಯೂ ಇದೆ. ಮಗನು ಹೈದರಾಬಾದಿನಲ್ಲಿದ್ದಾನೆಂಬ ಕಾರಣದಿಂದ ತೆಲಂಗಾಣದ ಅರ್ಜಿಯೊಂದನ್ನೇ ತುಂಬಿ, ಬೆಂಗಳೂರಿನ ಅರ್ಜಿಯ ಗಡುವನ್ನು ಮರೆತರೆ ಕೈಯ ತುತ್ತು ಬಾಯಿಗೆ ಬಾರದಂತಾಗುತ್ತದೆ.

ಮೂರನೆಯ ಮನೆಯ ಕಥೆಯೇ ಕಳವಳಕಾರಿಯಾದುದು. ಈ ಮನೆಯ ಮಗಳು ಹತ್ತನೆಯ ತರಗತಿಯ ತನಕ ಹೈದರಾಬಾದಿನಲ್ಲಿ ಓದಿದಳು. ಒಳ್ಳೆಯ ಅಂಕ ಬಂದುವು. ಮಂಗಳೂರಿನಲ್ಲೋ ಮೂಡಬಿದಿರೆಯಲ್ಲೋ ಬೀದರಿನಲ್ಲೋ ಪಿಯುಸಿ ಓದಿಸಿದರೆ ವೈದ್ಯಕೀಯಕ್ಕೆ ಒಳ್ಳೆಯ ತಯಾರಿಯಾಗುವುದೆಂದು ಯಾರೋ ಹಿತವಂತರು ಹೇಳಿದರು. ಊರಿನ ಸಂಬಂಧವೂ ಉಳಿಯಿತು, ವಿದ್ಯೆಯೂ ಬಂತು ಎಂದು ತಂದೆ ಸಾಲ ಮಾಡಿ ಕಳುಹಿಸಿದನು. ಎರಡು ವರ್ಷಗಳ ಬಳಿಕ ನೋಡಿದರೆ ತೆಲಂಗಾಣದಲ್ಲಿ ಸತತ ನಾಲ್ಕು ವರ್ಷವಿಲ್ಲ. ಕರ್ನಾಟಕದಲ್ಲಿ ಏಳು ವರ್ಷವಿಲ್ಲ. ಎರಡು ಮನೆಯ ನೆಂಟ ಉಪವಾಸ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಈ ಮೂರನೆಯ ಮಗಳಿಗೆ ಕರ್ನಾಟಕದ ನಿಯಮಗಳಲ್ಲಿ ಒಂದು ಆಸರೆಯುಂಟು. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ಮಗು ಕರ್ನಾಟಕದಲ್ಲಿ ಓದಿ, ತಂದೆ ತಾಯಿಗಳಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಶಾಲೆ ಓದಿದ್ದರೆ ಆಕೆಗೂ ಅರ್ಹತೆಯುಂಟಾಗುತ್ತದೆ. ಅದಕ್ಕಾಗಿ ತಂದೆಯದೋ ತಾಯಿಯದೋ ಹಳೆಯ ಶಾಲೆಯಿಂದ ವ್ಯಾಸಂಗದ ಪ್ರಮಾಣಪತ್ರವನ್ನು ತರಬೇಕು. ಗುಮಾಸ್ತನಾದ ತಂದೆಗೆ ಇದು ಸುಲಭ. ಆದರೆ ನಾಲ್ಕನೆಯ ತರಗತಿಯಲ್ಲಿ ಶಾಲೆ ಬಿಟ್ಟು ಲೋಟ ತೊಳೆಯಲು ರೈಲು ಹತ್ತಿದವನು ಏಳು ವರ್ಷದ ಶಾಲೆಯನ್ನು ಎಲ್ಲಿಂದ ತಂದಾನು? ತಂದೆಯ ಓದಿನ ಕೊರತೆ ಮಗಳ ಓದಿನ ಕೊರತೆಯಾಗಬಾರದೆಂದು ಅವನು ಮೂವತ್ತು ವರ್ಷ ದುಡಿದನು. ನಿಯಮವು ಅದೇ ಕೊರತೆಯನ್ನು ಹುಡುಕಿ ತೆಗೆದು ಅವನ ಮುಂದಿಡುತ್ತದೆ. ಅಂಥ ಮನೆಗಳಲ್ಲಿ ತಾಯಿಯ ಶಾಲೆಯ ದಾಖಲೆಯನ್ನಾದರೂ ಹುಡುಕಬೇಕು. ತಾಯಿ ಏಳನೆಯ ತರಗತಿ ಮುಗಿಸಿದವಳಾಗಿದ್ದರೆ ಅದೇ ಮಗಳ ಭಾಗ್ಯದ ಕೀಲಿಕೈಯಾಗಬಹುದು.

ನಾವು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಯಾವ ಕಾಲೇಜಿಗೆ ಅರ್ಜಿ ಹಾಕಬೇಕೆಂಬ ನಿರ್ಣಯವಾಗುವುದು ಹನ್ನೆರಡನೆಯ ತರಗತಿಯ ಬೇಸಗೆಯಲ್ಲಲ್ಲ, ಎಂಟನೆಯ ತರಗತಿ ಮುಗಿದ ಬೇಸಗೆಯಲ್ಲಿ. ಅಂದು ಮಗುವನ್ನು ಯಾವ ಊರಿನ ಶಾಲೆಗೆ ಸೇರಿಸಿದಿರೋ ಆ ರಾಜ್ಯದ ಬಾಗಿಲನ್ನು ಆರಿಸಿದಂತೆಯೇ. ಒಂಬತ್ತನೆಯ ತರಗತಿಗೆ ಮಗುವನ್ನು ಊರಿನಿಂದ ಇಲ್ಲಿಗೆ ಕರೆತಂದು ನಾಲ್ಕೂ ವರ್ಷ ಇಲ್ಲಿ ಓದಿಸಿದರೆ ತೆಲಂಗಾಣ ಸಿಗುತ್ತದೆ. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿಗಳೆರಡೂ ಕರ್ನಾಟಕದಲ್ಲಿ ಆಗದ ಕಾರಣ ಅಲ್ಲಿಯ ಏಳು ವರ್ಷದ ನಿಯಮ ಕೈಬಿಡುತ್ತದೆ. ಹತ್ತು ಮುಗಿಸಿ ಬಂದರೆ ಕರ್ನಾಟಕ ಉಳಿಯುತ್ತದೆ, ತೆಲಂಗಾಣ ಹೋಗುತ್ತದೆ. ಎರಡೂ ಬೇಕೆನ್ನುವವನಿಗೆ ದಾರಿ ಬಲು ಕಿರಿದು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ.

ಕರ್ನಾಟಕದ ಬಾಗಿಲು

ಕಲ್ಯಾಣ ಕರ್ನಾಟಕದ ಮೂಲದವರು ಇನ್ನೂ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. 2013ರ ಅಕ್ಟೋಬರಿನಿಂದ ಜಾರಿಗೆ ಬಂದ ಸಂವಿಧಾನದ 371-ಜೆ ವಿಧಿಯ ಪ್ರಕಾರ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಆ ಬಳಿಕ ರಚಿತವಾದ ವಿಜಯನಗರ ಜಿಲ್ಲೆಗಳ ಜನರಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಭಾಗದಲ್ಲಿ ಶೇಕಡಾ 8 ಸ್ಥಾನಗಳು ಮೀಸಲಾಗಿವೆ. ಬೀದರ ಮತ್ತು ರಾಯಚೂರುಗಳಲ್ಲಿ 2007ರಿಂದಲೂ, ಕಲಬುರಗಿಯಲ್ಲಿ ಆ ಬಳಿಕವೂ ಸರಕಾರಿ ವೈದ್ಯಕೀಯ ಸಂಸ್ಥೆಗಳು ನಡೆಯುತ್ತಿವೆ. ಹೈದರಾಬಾದಿನಿಂದ ಇವು ಒಂದು ಹಗಲಿನ ಪ್ರಯಾಣ. ಎರಡನೆಯ ಮನೆಯ ಮಗನು ಈ ಜಿಲ್ಲೆಗಳವನಾಗಿದ್ದರೆ ಆ ಪ್ರಮಾಣಪತ್ರವನ್ನು ಕಂದಾಯ ಅಧಿಕಾರಿಗಳಿಂದ ಮೊದಲೇ ಪಡೆದಿಡುವುದು ಜಾಣತನ. ಆದರೆ ಕರ್ನಾಟಕದ ವ್ಯಾಸಂಗ ನಿಯಮವನ್ನು ದಾಟಿದ ಮೇಲಷ್ಟೇ ಈ ಪತ್ರಕ್ಕೆ ಬೆಲೆ.

‘ಹೊರನಾಡ ಕನ್ನಡಿಗ’ ಎಂಬ ವಿಶೇಷ ವರ್ಗವೊಂದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಶಿಕ್ಷಣದ ಪ್ರವೇಶಕ್ಕಾಗಿ ಇರಿಸಿದೆ. ಕಾಸರಗೋಡು, ಅಕ್ಕಲಕೋಟೆ, ಜತ್ತ ಮೊದಲಾದ ಪ್ರದೇಶಗಳವರಿಗೆ ‘ಗಡಿನಾಡ ಕನ್ನಡಿಗ’ ಎಂಬ ವರ್ಗವಿದೆ. ಈ ವರ್ಗಗಳಲ್ಲಿ ಬರುವವರು ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸ್ಥಾನಗಳು ಬೆರಳೆಣಿಕೆಯವು, ಇವನ್ನೇ ನಂಬಿ ಕೂರುವಂತಿಲ್ಲ. ಆದರೂ ಪರೀಕ್ಷೆ ಕಠಿಣವಲ್ಲ. ಮನೆಯಲ್ಲಿ ಕನ್ನಡವನ್ನು ಓದಿ ಬರೆಯಲು ಕಲಿಸಿದ್ದರೆ ಸಾಕು. ಕಾಚಿಗುಡದ ನೃಪತುಂಗ ವಿದ್ಯಾಸಂಸ್ಥೆಯಂಥವನ್ನು ಹಿರಿಯರು ಕಟ್ಟಿ ಉಳಿಸಿದ್ದರ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ, ಒಂದು ಸಾಲು ಬರೆಯಲಾರದೆ ಆ ಪರೀಕ್ಷೆಯಲ್ಲಿ ಸೋಲುವುದು ನಮಗೆ ಶೋಭೆಯಲ್ಲ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಆದುದರಿಂದ ಅರ್ಜಿ ತುಂಬುವಾಗ ಹೈದರಾಬಾದನ್ನಲ್ಲ, ಕಲಬುರಗಿಯಂಥ ಊರನ್ನು ಕೇಂದ್ರವಾಗಿ ಕೇಳಬೇಕು.

ಅಖಿಲ ಭಾರತದ ಬಾಗಿಲು

ಎರಡು ರಾಜ್ಯಗಳೂ ಒಲ್ಲೆನೆಂದರೂ ಮುಚ್ಚದ ಬಾಗಿಲೊಂದಿದೆ. ಎಲ್ಲ ರಾಜ್ಯಗಳ ಸರಕಾರಿ ಕಾಲೇಜುಗಳ ಶೇಕಡಾ 15 ಸ್ಥಾನಗಳು ಅಖಿಲ ಭಾರತ ಕೋಟಾಕ್ಕೆ ಸೇರಿವೆ. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾಕಿದ ಬೀಜದಿಂದ ಬೆಳೆದ ವ್ಯವಸ್ಥೆಯಿದು. ಇಲ್ಲಿ ಯಾವ ಊರಿನ ಶಾಲೆಯೆಂದು ಯಾರೂ ಕೇಳುವುದಿಲ್ಲ. ಬೀಬಿನಗರದ ಏಮ್ಸ್ ಸೇರಿದಂತೆ ಎಲ್ಲ ಏಮ್ಸ್ ಸಂಸ್ಥೆಗಳ ಸ್ಥಾನಗಳೂ ಹೀಗೆಯೇ ತುಂಬುತ್ತವೆ. ಆದರೆ ಸ್ಪರ್ಧೆ ದೇಶದೊಡನೆ. 2025ರಲ್ಲಿ ಸುಮಾರು 22 ಲಕ್ಷ ಮಂದಿ ನೀಟ್ ಬರೆದು 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರೆನಿಸಿದರು; ದೇಶದಲ್ಲಿದ್ದ ಎಂಬಿಬಿಎಸ್ ಸ್ಥಾನಗಳು ಸುಮಾರು 1.2 ಲಕ್ಷ. ಅರ್ಹತೆ ಎಂಬುದು ಸಾಲಿನಲ್ಲಿ ನಿಲ್ಲುವ ಚೀಟಿ, ಊಟದ ಎಲೆಯಲ್ಲ.

ಇದೇ ಬಾಗಿಲಿನ ಒಳಗೆ, ನಮ್ಮ ಓದುಗರಿಗೆಂದೇ ಇಟ್ಟಂತಿರುವ ಮತ್ತೊಂದು ಕಿರುಬಾಗಿಲಿದೆ. ಬಹುಮಂದಿಗೆ ಅದರ ಸುಳಿವೇ ಇಲ್ಲ. ಕಾರ್ಮಿಕರ ರಾಜ್ಯ ವಿಮೆ, ಎಂದರೆ ಇ.ಎಸ್.ಐ. ನಿಗಮವು ನಡೆಸುವ ವೈದ್ಯಕೀಯ ಕಾಲೇಜುಗಳಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗಾಗಿ ಪ್ರತ್ಯೇಕ ಸ್ಥಾನಗಳನ್ನು ಕಾದಿರಿಸಲಾಗಿದೆ. ಹೈದರಾಬಾದಿನ ಸನತ್‌ನಗರದಲ್ಲಿ 2016ರಿಂದ, ಕಲಬುರಗಿಯಲ್ಲಿ 2013ರಿಂದ, ಬೆಂಗಳೂರಿನ ರಾಜಾಜಿನಗರದಲ್ಲಿ 2012ರಿಂದ ಇಂಥ ಕಾಲೇಜುಗಳಿವೆ. ಈ ಕೋಟಾದಲ್ಲಿ ರಾಜ್ಯದ ಗಡಿಯಿಲ್ಲ. ಹೈದರಾಬಾದಿನ ಸಪ್ಲೈಯರನ ಮಗಳು ಕಲಬುರಗಿಯನ್ನೂ ಕೇಳಬಹುದು, ಸನತ್‌ನಗರವನ್ನೂ ಕೇಳಬಹುದು. ಬೇಕಾದುದು ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ನಿಗದಿಯಾದ ಅವಧಿಯ ವಂತಿಗೆ ಮತ್ತು ನಿಗಮದ ಪ್ರಮಾಣಪತ್ರ. ಹತ್ತು ಮಂದಿಗೆ ಮೇಲ್ಪಟ್ಟು ಕೆಲಸಗಾರರಿರುವ ಹೋಟೆಲುಗಳಿಗೆ ಸಾಮಾನ್ಯವಾಗಿ ಈ ವಿಮೆ ಅನ್ವಯಿಸುತ್ತದೆ. ಸಂಬಳದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು.

ಇಲ್ಲಿ ಹೋಟೆಲು ಮಾಲೀಕರಿಗೂ ಕಾರ್ಮಿಕರಿಗೂ ನಮ್ಮದೊಂದು ವಿನಂತಿಯಿದೆ. ವಂತಿಗೆಯ ಕಡಿತ ಬೇಡ, ಕೈಗೆ ಪೂರ್ತಿ ಸಂಬಳ ಬರಲಿ ಎಂದು ಹೆಸರನ್ನು ದಾಖಲೆಯಿಂದ ಹೊರಗಿಡುವ ಪದ್ಧತಿ ಕೆಲವೆಡೆ ಇದೆ. ಮಾಲೀಕನಿಗೆ ಅದು ಉಳಿತಾಯ; ಕಾರ್ಮಿಕನಿಗೆ ಕ್ಷಣದ ಸಮಾಧಾನ. ಆದರೆ ಆ ಅಲ್ಪ ಮೊತ್ತದೊಡನೆ ಆಸ್ಪತ್ರೆಯ ಹಕ್ಕು ಮಾತ್ರವಲ್ಲ, ಮಗುವಿನ ವೈದ್ಯವಿದ್ಯೆಯ ಹಕ್ಕೂ ಕೈಬಿಟ್ಟು ಹೋಗುತ್ತದೆಂಬುದನ್ನು ಇಬ್ಬರೂ ಅರಿಯಬೇಕು. ನಿಮ್ಮ ಹೆಸರು ವಿಮೆಯ ಪಟ್ಟಿಯಲ್ಲಿ ಇದೆಯೇ ಎಂದು ಇಂದೇ ವಿಚಾರಿಸಿರಿ.

ಪಟ್ಟಿಯನ್ನು ಬರೆಯುವ ಬಗೆ

ಅರ್ಜಿಗಳು ಮೂರು: ತೆಲಂಗಾಣಕ್ಕೆ ವರಂಗಲ್ಲಿನ ಕಾಳೋಜಿ ನಾರಾಯಣರಾವ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ, ಕರ್ನಾಟಕಕ್ಕೆ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರದಲ್ಲಿ, ಅಖಿಲ ಭಾರತಕ್ಕೆ ದಿಲ್ಲಿಯ ವೈದ್ಯಕೀಯ ಸಲಹಾ ಸಮಿತಿಯಲ್ಲಿ. ನೀಟ್ ಬರೆದ ಮಾತ್ರಕ್ಕೆ ಇವುಗಳಲ್ಲಿ ಹೆಸರು ತಾನಾಗಿ ಸೇರುವುದಿಲ್ಲ. ಒಂದೊಂದರಲ್ಲಿಯೂ ಬೇರೆಬೇರೆಯಾಗಿ ನೋಂದಾಯಿಸಿಕೊಳ್ಳಬೇಕು.

ಇನ್ನು ಹಣದ ವಿಚಾರ. ಈಚಿನ ವರ್ಷಗಳಲ್ಲಿ ತೆಲಂಗಾಣದ ಸರಕಾರಿ ಕಾಲೇಜಿನ ಬೋಧನಾ ಶುಲ್ಕ ವರ್ಷಕ್ಕೆ 10,000 ರೂಪಾಯಿ. ಖಾಸಗಿ ಕಾಲೇಜಿನ ‘ಎ’ ವರ್ಗದ ಸ್ಥಾನಕ್ಕೆ 60,000. ‘ಬಿ’ ವರ್ಗಕ್ಕೆ ಹನ್ನೊಂದು ಲಕ್ಷಕ್ಕೂ ಮೇಲೆ. ಕರ್ನಾಟಕದಲ್ಲಿ ಸರಕಾರಿ ಕಾಲೇಜಿಗೆ ಸುಮಾರು 60,000, ಖಾಸಗಿ ಕಾಲೇಜಿನ ಸರಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು. ಡೀಮ್ಡ್ ವಿಶ್ವವಿದ್ಯಾಲಯಗಳ ಮಾತು ಬೇರೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದು ಕರಾವಳಿಯವರಿಗೆಲ್ಲ ಅಭಿಮಾನದ ವಿಷಯ. ಆದರೆ ಅಭಿಮಾನದಿಂದ ಶುಲ್ಕ ತೆರಲಾಗದು. ಅಂಥ ಕಾಲೇಜುಗಳಲ್ಲಿ ವರ್ಷವೊಂದಕ್ಕೆ ಹದಿನೈದು ಲಕ್ಷ ದಾಟುವುದು ಸಾಮಾನ್ಯ. ಅವುಗಳಿಗೆ ಹೆಸರು ನೋಂದಾಯಿಸಲು ಎರಡು ಲಕ್ಷ ರೂಪಾಯಿಗಳ ಠೇವಣಿ ಇಡಬೇಕು. ಸೇರಲಾಗದ ಕಾಲೇಜಿನ ಆಸೆಗೆ ಹೆಂಡತಿಯ ಬಳೆಯನ್ನು ಒತ್ತೆಯಿಡಬೇಡಿ.

ಕಾಲೇಜುಗಳ ಆದ್ಯತಾಪಟ್ಟಿಯನ್ನು ಬರೆಯುವಾಗ ಅನೇಕರು ಒಂದು ತಪ್ಪೆಣಿಕೆ ಮಾಡುತ್ತಾರೆ. ನಮ್ಮ ಅಂಕಕ್ಕೆ ಉಸ್ಮಾನಿಯಾ ಎಲ್ಲಿ ಸಿಕ್ಕೀತು ಎಂದು ಅದನ್ನು ಬಿಟ್ಟು, ಸಿಗಬಹುದಾದುದನ್ನೇ ಮೊದಲು ಬರೆಯುತ್ತಾರೆ. ಹಂಚಿಕೆಯ ಕ್ರಮ ಹಾಗಿಲ್ಲ. ಪಟ್ಟಿಯ ಮೇಲಿನಿಂದ ಕೆಳಗೆ ನೋಡುತ್ತ, ನಿಮ್ಮ ಶ್ರೇಣಿಗೆ ದೊರಕಬಹುದಾದ ಮೊದಲನೆಯ ಸ್ಥಾನವನ್ನು ಕೊಡಲಾಗುತ್ತದೆ. ಮೇಲೆ ಬರೆದುದು ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವಿಲ್ಲ. ಬರೆಯದೆ ಬಿಟ್ಟುದು ಮಾತ್ರ ಎಂದೂ ಸಿಗದು. ಆದುದರಿಂದ ಆಸೆಯ ಕ್ರಮದಲ್ಲಿ ಬರೆಯಿರಿ. ಸೇರಲಾರದ ಕಾಲೇಜನ್ನು ಬರೆಯಲೇಬೇಡಿ. ಸ್ಥಾನ ಪಡೆದು ಸೇರದೆ ಉಳಿದರೆ, ಕೊನೆಯ ಸುತ್ತುಗಳಲ್ಲಿ ಠೇವಣಿಯೂ ಹೋಗುತ್ತದೆ, ಮುಂದಿನ ಅವಕಾಶಕ್ಕೂ ಅಡ್ಡಿಯಾಗಬಹುದು.

ಕಾಲೇಜಿಗಿಂತ ಕಾಲೇಜಿನ ಆಸ್ಪತ್ರೆ ಮುಖ್ಯವೆಂಬುದನ್ನೂ ನೆನಪಿಡಬೇಕು. ರೋಗಿಗಳಿಂದ ತುಂಬಿದ ಹಳೆಯ ಸರಕಾರಿ ಆಸ್ಪತ್ರೆಯಲ್ಲಿ ಕಲಿತವನ ಕೈ ಬಲು ಬೇಗ ಪಳಗುತ್ತದೆ. ಹೊಸ ಜಿಲ್ಲಾ ಕಾಲೇಜುಗಳಲ್ಲಿ ಅಧ್ಯಾಪಕರ ಕೊರತೆಯ ದೂರುಗಳಿವೆ. ಆದರೂ ಕಡಿಮೆ ಖರ್ಚಿನ ಸರಕಾರಿ ಸ್ಥಾನವನ್ನು ಬಿಟ್ಟು ಸಾಲದ ಖಾಸಗಿ ಸ್ಥಾನಕ್ಕೆ ಹೋಗುವುದು ನಮ್ಮ ಮನೆಗಳಿಗೆ ಹೇಳಿದ ಮಾತಲ್ಲ.

ವಿದೇಶದಲ್ಲಿ ಅಗ್ಗವಾಗಿ ವೈದ್ಯನಾಗಬಹುದೆಂದು ಕರೆಯುವ ಏಜೆಂಟರ ಫಲಕಗಳು ನಗರದಲ್ಲಿ ಕಾಣಸಿಗುತ್ತವೆ. ಹೊರದೇಶದಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಅಲ್ಲಿಯೂ ಇಲ್ಲಿಯೂ ಒಂದೊಂದು ವರ್ಷ ತರಬೇತಿ ಪಡೆಯಬೇಕೆಂದು 2021ರ ನಿಯಮ ವಿಧಿಸುತ್ತದೆ. ಮರಳಿ ಬಂದವರು ಬರೆಯುವ ಪರೀಕ್ಷೆಯಲ್ಲಿ ಹಲವು ಸಲ ನಾಲ್ವರಲ್ಲಿ ಒಬ್ಬರೂ ತೇರ್ಗಡೆಯಾಗಿಲ್ಲ. 2022ರಲ್ಲಿ ಉಕ್ರೇನಿನ ಯುದ್ಧದಿಂದ ಓಡಿಬಂದ ಸಾವಿರಾರು ಮಕ್ಕಳ ಪಾಡು ಕಣ್ಣ ಮುಂದಿದೆ. ಏಜೆಂಟನು ಇವನ್ನು ಹೇಳುವುದಿಲ್ಲ, ನಾವು ಹೇಳುತ್ತೇವೆ.

ಮಾಡಬೇಕಾದುದೇನು?

ಎರಡು ಸರಕಾರಗಳಿಗೂ ನಮ್ಮ ನಿವೇದನೆಯಿದೆ. ಸರಕಾರಿ ನೌಕರರ ಮಕ್ಕಳಿಗೆ ತೋರಿದ ಔದಾರ್ಯದಲ್ಲಿ ಒಂದಂಶವನ್ನು ತೆಲಂಗಾಣವು ದಾಖಲೆಯುಳ್ಳ ವಲಸೆ ಕಾರ್ಮಿಕರ ಮಕ್ಕಳಿಗೂ ತೋರಬೇಕು. ಹುಟ್ಟಿದಂದಿನಿಂದ ಹತ್ತನೆಯ ತರಗತಿಯ ತನಕ ಇಲ್ಲಿದ್ದ ಮಗು, ಎರಡು ವರ್ಷ ಹೊರಗೆ ಓದಿದ ಮಾತ್ರಕ್ಕೆ ಅನ್ಯನಾಗುವುದು ಯಾವ ನ್ಯಾಯ? ಕರ್ನಾಟಕವೂ ನವೆಂಬರ್ ತಿಂಗಳಲ್ಲಿ ಹೊರನಾಡ ಕನ್ನಡಿಗರನ್ನು ಕರೆದು ಶಾಲು ಹೊದಿಸಿದರೆ ಸಾಲದು. ಅವರ ಮಕ್ಕಳಿಗಿರುವ ಬೆರಳೆಣಿಕೆಯ ಸ್ಥಾನಗಳನ್ನು ಹೆಚ್ಚಿಸಬೇಕು, ಶಾಲೆ ಕಾಣದ ತಂದೆಯ ಮಗುವನ್ನು ತಂದೆಯ ಶಾಲೆಯಿಂದ ಅಳೆಯುವುದನ್ನು ಬಿಡಬೇಕು.

ಸರಕಾರಗಳು ಕಿವಿಗೊಡುವ ತನಕ ನಮ್ಮ ಸಂಘಸಂಸ್ಥೆಗಳು ಸುಮ್ಮನಿರಬೇಕಾಗಿಲ್ಲ. ನಗರದ ಕನ್ನಡ ಸಂಘಗಳು ಪ್ರತಿ ಬೇಸಗೆಯಲ್ಲಿ ಎಂಟನೆಯ ತರಗತಿ ಮುಗಿಸಿದ ಮಕ್ಕಳ ತಂದೆತಾಯಿಗಳನ್ನು ಒಂದು ಭಾನುವಾರ ಕೂಡಿಸಿ, ಈ ನಿಯಮಗಳನ್ನು ಓದಿ ಹೇಳುವ ಏರ್ಪಾಡು ಮಾಡಲಿ. ಅದಕ್ಕೆ ಬೇಕಾದುದು ಒಂದು ಕೋಣೆ, ಒಬ್ಬ ತಿಳಿದ ಗುಮಾಸ್ತ, ಎರಡು ಗಂಟೆಯ ಬಿಡುವು. ನಿಯಮಗಳು ವರ್ಷದಿಂದ ವರ್ಷಕ್ಕೆ ತುಸು ಬದಲಾಗುವುದುಂಟು. ಆಯಾ ವರ್ಷದ ಕೈಪಿಡಿಯನ್ನು ತರಿಸಿ ಓದಿದ ಹೊರತು ಯಾರ ಮಾತನ್ನೂ, ನಮ್ಮ ಮಾತನ್ನೂ ಕೂಡ, ಅಂತಿಮವೆಂದು ಹಿಡಿಯಬೇಡಿ.

ಪ್ರತಿ ವರ್ಷದ ಶಾಲಾ ಪ್ರಮಾಣಪತ್ರವನ್ನೂ ಜೋಪಾನವಾಗಿ ಒಂದು ಪೆಟ್ಟಿಗೆಯಲ್ಲಿಡಿರಿ. ವಿಮೆಯ ಸಂಖ್ಯೆಯನ್ನು ಅದರ ಜೊತೆಗಿಡಿರಿ. ಊರಿಗೆ ಹೋದಾಗ ನಿಮ್ಮ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ನಿಮ್ಮ ವ್ಯಾಸಂಗದ ಪತ್ರವನ್ನೂ ಕೇಳಿ ತನ್ನಿರಿ. ನಿಮ್ಮ ಮಗು ವೈದ್ಯನಾಗುವನೋ ಇಲ್ಲವೋ ಅವನ ಶ್ರಮಕ್ಕೆ ಬಿಟ್ಟುದು. ಆದರೆ ಒಂದು ಕಾಗದದ ಕೊರತೆಯಿಂದ ಅವನ ಶ್ರಮ ವ್ಯರ್ಥವಾಯಿತೆಂಬ ಮಾತು ಈ ನಗರದ ಯಾವ ಕನ್ನಡ ಮನೆಯಲ್ಲಿಯೂ ಕೇಳಿಬರದಿರಲಿ.